ಅತ್ತೆ ಪಿನ್ ಮಾಡಿಟ್ಟ ಸಾಲುಗಳು

ನಮ್ಮತ್ತೆಯನ್ನು ಕೆಲಸಕ್ಕೆ ಸೇರಿಸಿದ್ದು ನಾನೇ. ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಹಿರಿಯ ಟೈಪಿಸ್ಟ್. ಡಾಕ್ಟರು ಹೊಟ್ಟೆಯ ಸ್ಕ್ಯಾನ್ ಮಾಡುತ್ತಾ ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ರಿಪೋರ್ಟ್ ಟೈಪ್ ಮಾಡುವುದು ನಮ್ಮ ಕೆಲಸ. ಪಕ್ಕದ ಕುರ್ಚಿ ಖಾಲಿಯಾದಾಗ ಅತ್ತೆ, "ನಾನು ಬರ್ಲೇನೇ?" ಎಂದರು. ಐವತ್ತೇಳು ವರ್ಷ. ಜೀವಮಾನದಲ್ಲಿ ಒಂದು ದಿನವೂ ಹೊರಗೆ ದುಡಿದವರಲ್ಲ, ಆಸೆ ಮಾತ್ರ ಬೆಟ್ಟದಷ್ಟು. ಡಾಕ್ಟರು ಒಂದು ತಿಂಗಳು ನೋಡೋಣವೆಂದರು. ದಿನಕ್ಕೆ ನಲವತ್ತು ರಿಪೋರ್ಟ್ ಆಗಬೇಕು, ಇಲ್ಲದಿದ್ದರೆ ಮನೆಗೆ.

ಮೊದಲ ದಿನ ಒಂಬತ್ತಾಯಿತು. ಎರಡೇ ಬೆರಳಿನಲ್ಲಿ ಟೈಪಿಂಗ್; ಒಂದೊಂದು ಅಕ್ಷರಕ್ಕೂ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಹುಡುಕಾಟ. ಇವರನ್ನು ಯಾಕಾದರೂ ಕರೆತಂದೆನೋ ಎಂದು ನಾಚಿಕೆಯಾಯಿತು. ಮನೆಯಲ್ಲಿ ನನ್ನನ್ನು ಕುಣಿಸುವವರು ಇಲ್ಲಿ ಬೆವರುತ್ತಿದ್ದಾರೆಂದು ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಎಂಟನೇ ದಿನ, ಕಾಪಿ ಮಾಡಿದ್ದನ್ನು ಅಂಟಿಸಲೆಂದು ಕಂಟ್ರೋಲ್ ಜೊತೆ ವಿ ಒತ್ತಲು ಹೋದ ಅವರ ಬೆರಳು ತಪ್ಪಿ ವಿಂಡೋಸ್ ಕೀ ಮೇಲೆ ಬಿತ್ತು. ಪರದೆಯಲ್ಲಿ ಒಂದು ಪುಟ್ಟ ಚೌಕ ತೆರೆದುಕೊಂಡು, ಕಾಪಿ ಮಾಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳಲೇ ಎಂದು ಕೇಳಿತು. ನಾನು ಅದೆಷ್ಟು ಸಲ ಅದನ್ನು ಮುಚ್ಚಿದ್ದೇನೋ ಲೆಕ್ಕವಿಲ್ಲ. ಅತ್ತೆ ಒಪ್ಪಿಗೆ ಒತ್ತಿದರು.

"ಅಷ್ಟು ಮರ್ಯಾದೆಯಿಂದ ಕೇಳ್ತಿದೆ, ಹೂಂ ಅನ್ನೋಕೇನು ಕಷ್ಟ?"

ಅಂದಿನಿಂದ ಅವರು ಕಾಪಿ ಮಾಡಿದ ಸಾಲುಗಳೆಲ್ಲ ಆ ಚೌಕದಲ್ಲಿ ಒಂದರ ಕೆಳಗೊಂದು ಕೂರತೊಡಗಿದವು. ಕಂಪ್ಯೂಟರ್ ಆಫ್ ಮಾಡಿದರೆ ಅಳಿಸಿಹೋಗುತ್ತಿದ್ದವು. ಅದಕ್ಕೂ ದಾರಿ ಕಂಡುಕೊಂಡರು. ದಿನಾ ಬೇಕಾಗುವ ಸಾಲುಗಳಿಗೆ ಅಲ್ಲೇ ಪಿನ್ ಹಾಕಿಟ್ಟರು. 'ಪಿತ್ತಕೋಶ ಸಹಜವಾಗಿದೆ, ಕಲ್ಲುಗಳಿಲ್ಲ.' 'ಎರಡೂ ಮೂತ್ರಪಿಂಡಗಳ ಗಾತ್ರ ಸಹಜ.' ಇಂಥ ಹದಿನೆಂಟು ಸಾಲು. ಡಾಕ್ಟರು ಯಾವುದನ್ನು ಹೇಳಿದ್ದಾರೋ ಅದನ್ನು ಆರಿಸಿ ಒತ್ತಿದರೆ ರಿಪೋರ್ಟಿಗೆ ಬಂದು ಸೇರುತ್ತಿತ್ತು. ಹೆಸರು, ವಯಸ್ಸು, ಅಳತೆಗಳನ್ನು ಮಾತ್ರ ಅದೇ ಎರಡು ಬೆರಳಿನಲ್ಲಿ, ತುಟಿಯಲ್ಲೇ ಓದಿಕೊಳ್ಳುತ್ತಾ ಟೈಪ್ ಮಾಡುತ್ತಿದ್ದರು.

"ಅದನ್ನೂ ಕಾಪಿ ಮಾಡ್ಬಾರ್ದಾ ಅತ್ತೆ?"

"ಒಬ್ಬರ ಹೊಟ್ಟೆ ತಗೊಂಡು ಇನ್ನೊಬ್ಬರಿಗೆ ಅಂಟಿಸ್ಲಾ?"

ಮೂರನೇ ವಾರಕ್ಕೆ ಅವರ ನಲವತ್ತು ರಿಪೋರ್ಟ್ ಮಧ್ಯಾಹ್ನ ಮೂರಕ್ಕೇ ಮುಗಿಯುತ್ತಿತ್ತು. ಬಾಯಲ್ಲಿ ಭೇಷ್ ಎಂದೆ, ಹೊಟ್ಟೆಯಲ್ಲಿ ಉರಿ. ನನ್ನ ಪದ್ಧತಿಯೇ ಬೇರೆ. ನಿನ್ನೆಯ ಯಾರದೋ ರಿಪೋರ್ಟ್ ತೆಗೆದು, ಅದರ ಮೇಲೇ ಹೆಸರು, ಅಳತೆ ಬದಲಿಸಿ ಉಳಿಸುವುದು. ಹದಿನೈದು ವರ್ಷ ಹೀಗೆಯೇ ಸರಸರ ಮಾಡಿ ಸೈ ಎನಿಸಿಕೊಂಡವಳು ನಾನು.

ತಿಂಗಳ ಕೊನೆಯ ದಿನ ಡಾಕ್ಟರು ನಮ್ಮಿಬ್ಬರನ್ನೂ ಕರೆದರು. ಮೇಜಿನ ಮೇಲೊಂದು ಪ್ರಿಂಟ್ ಇತ್ತು. ಯಾವ ರಿಪೋರ್ಟನ್ನು ಯಾರು ತಿದ್ದಿದರು ಎಂಬುದನ್ನು ನಮ್ಮ ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ.

"ನೋಡಿ, ಇವರು ನಿಮ್ಮ ರಿಪೋರ್ಟಿಗೆ ಕೈ ಹಾಕಿದಾರೆ," ಎಂದು ನನಗೆ ಹೇಳಿದರು. "ಹನ್ನೊಂದು ಸಲ. ತಮ್ಮದನ್ನ ಕಾಪಿ ಹೊಡೆದು ಮುಗಿಸೋದು, ಆಮೇಲೆ ಬೇರೆಯವರದ್ದನ್ನ ಕೆದಕೋದು. ಇಂಥವರು ನಮಗೆ ಬೇಡ. ನಾಳೆಯಿಂದ ಬರೋದು ಬೇಡ ಅಂತ ನೀವೇ ಹೇಳ್ಬಿಡಿ."

ಪ್ರಿಂಟ್ ಓದಿದೆ. ಮೊದಲನೆಯದು ಐವತ್ತನಾಲ್ಕು ವರ್ಷದ ಗಂಡಸಿನ ರಿಪೋರ್ಟ್. ಅತ್ತೆ ಅಳಿಸಿದ್ದ ಸಾಲು: 'ಗರ್ಭಕೋಶ ಸಹಜ ಗಾತ್ರದಲ್ಲಿದೆ.' ಎರಡನೆಯದು, ಪಿತ್ತಕೋಶವನ್ನು ಆಪರೇಷನ್ ಮಾಡಿ ತೆಗೆಸಿಕೊಂಡಿದ್ದ ಹೆಂಗಸಿನದು. ನಾನು ಅದರಲ್ಲಿ ಕಲ್ಲುಗಳಿಲ್ಲ ಎಂದು ಬರೆದಿದ್ದೆ. ಹನ್ನೊಂದೂ ಹೀಗೆಯೇ, ಹಿಂದಿನ ರೋಗಿಯ ರಿಪೋರ್ಟಿನಿಂದ ಅಳಿಸದೆ ಉಳಿದ ಸಾಲುಗಳು.

ಅತ್ತೆಯ ಕಡೆ ನೋಡಿದೆ. ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಒಂದು ಮಾತು ಆಡಿದ್ದರೆ ಅವರ ಕೆಲಸ ಉಳಿಯುತ್ತಿತ್ತು, ನನ್ನ ಮಾನ ಹೋಗುತ್ತಿತ್ತು. ನಾನೂ ಸುಮ್ಮನಿದ್ದುಬಿಡಬಹುದಿತ್ತು. ಒಂದು ಗಳಿಗೆ ಹಾಗೆಯೇ ಅನಿಸಿತು ಕೂಡ.

"ಡಾಕ್ಟ್ರೇ, ತಪ್ಪು ಇವರದಲ್ಲ," ಎಂದೆ. "ಹನ್ನೊಂದೂ ನನ್ನ ತಪ್ಪೇ. ಹಳೇ ರಿಪೋರ್ಟ್ ಮೇಲೇ ಟೈಪ್ ಮಾಡ್ತೀನಿ ನಾನು. ಇವರು ತಿದ್ದದೇ ಇದ್ದಿದ್ರೆ, ಗಂಡಸಿಗೆ ಗರ್ಭಕೋಶ ಇದೆ ಅಂತ ನೀವು ಸಹಿ ಹಾಕಿರ್ತಿದ್ರಿ."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಪ್ರಿಂಟನ್ನು ಮೇಲಿನಿಂದ ಓದಿದರು. ಅವರ ಮುಖವೂ ಕೆಂಪಾಯಿತು.

"ಇಷ್ಟೆಲ್ಲ ಓದೋಕೆ ನಿಮಗೆ ಸಮಯ ಎಲ್ಲಿತ್ತಮ್ಮಾ?" ಎಂದು ಅತ್ತೆಯನ್ನು ಕೇಳಿದರು.

"ನಂದು ಮೂರಕ್ಕೇ ಮುಗೀತಿತ್ತಲ್ಲ ಡಾಕ್ಟ್ರೇ. ಸುಮ್ನೆ ಕೂರೋ ಬದ್ಲು ನಿಮ್ಮ ರೆಕಾರ್ಡಿಂಗ್ ಕೇಳ್ತಾ ಇವಳದ್ದು ಓದ್ತಿದ್ದೆ."

ಆ ಸಂಜೆಯೇ ಅತ್ತೆಯ ನೇಮಕದ ಪತ್ರವಾಯಿತು. ಇನ್ನು ಮೇಲೆ ನನ್ನ ರಿಪೋರ್ಟುಗಳು ಅವರ ಕಣ್ಣಿಗೆ ಬೀಳದೆ ಡಾಕ್ಟರ ಮುಂದೆ ಹೋಗಬಾರದೆಂದೂ ಆಯಿತು. ಮೆಟ್ಟಿಲಿಳಿಯುವಾಗ ಕೇಳಿಯೇಬಿಟ್ಟೆ.

"ನಂಗೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಗೆ ಹೇಳ್ಲಿ ಕಣೇ? ಮನೇಲಿ ಇಷ್ಟು ವರ್ಷ ನೀನು ಮಾಡಿದ್ದಕ್ಕೆಲ್ಲ ಹೆಸರಿಟ್ಟಿದೀನಿ. ಇಲ್ಲೂ ಶುರು ಮಾಡಿದ್ರೆ ನೀನು ಎಲ್ಲಿಗೆ ಹೋಗ್ತೀಯಾ?"

ಅವರ ಕೈ ಹಿಡಿದುಕೊಂಡೆ. ಮದುವೆಯಾಗಿ ಬಂದಮೇಲೆ ಅದು ಮೊದಲ ಸಲ.