ನಾಲ್ಕು ಬೆರಳು ಬಟ್ಟೆ

ದಾರ ಸೂಜಿಯ ಕಣ್ಣಿಗೆ ಹೋಗುತ್ತಿಲ್ಲ, ಎಂಜಲು ಹಚ್ಚಿ ಹೊಸೆದರೂ ಇಲ್ಲ, ವಯಸ್ಸಾಯ್ತು ಎಂದು ಜೈಲರು ನಕ್ಕರೆ ನಗಲಿ, ವಯಸ್ಸಲ್ಲಪ್ಪಾ, ಇವತ್ತು ತೀರ್ಪು — ಟೈಲರಮ್ಮ ಕೂತಿರುವುದು ಜೈಲಿನ ಹೊಲಿಗೆ ಕೋಣೆಯಲ್ಲಿ, ಮನಸ್ಸು ಕೂತಿರುವುದು ನ್ಯಾಯಾಲಯದ ಮೆಟ್ಟಿಲ ಮೇಲೆ. ನೇಣು ಶಿಕ್ಷೆಯಾದ ಆ ಹುಡುಗನ ವಕೀಲೆ ಕೋಟಿಗೆ ಗುಂಡಿ ಹಾಕಿಸಿಕೊಳ್ಳುತ್ತ ಹೇಳಿದ್ದಳಲ್ಲ, ಜೀವ ಏನು ಸರ್ಕಾರ ಕೊಟ್ಟಿದ್ದಾ, ವಾಪಸ್ ಕೇಳೋಕೆ, ತಪ್ಪು ಮಾಡಿದವನಿಗೂ ಬದುಕೋ ಹಕ್ಕು ಇದೆ, ಕಾನೂನು ಅದನ್ನ ಕಾಯ್ಬೇಕಮ್ಮಾ. ತಪ್ಪು ಮಾಡಿದವನೇ, ಸುಳ್ಳೇಕೆ, ಜಗಳದಲ್ಲಿ ಜೊತೆಗಾರನನ್ನು ಕೊಂದವನು, ಸತ್ತವನ ಹೆತ್ತಮ್ಮನ ಹೊಟ್ಟೆಯುರಿ ಯಾವ ತೀರ್ಪಿಗೂ ಆರದು — ಆದರೆ ನೇಣಿಗೆ ಮುಂಚಿನ ಹೊಸ ಬಟ್ಟೆಗೆ ಅಳತೆ ತೆಗೆದವಳು ಇವಳು, ಕಂಕುಳಿಗೆ ಟೇಪು ತಾಗಿದ್ದೇ ತಡ ಕಿಸಕ್ಕನೆ ನಕ್ಕ, ಕಚಗುಳಿ ಆಗುತ್ತೆ ಬಿಡಿ ಅಮ್ಮಾ, ಅಯ್ಯೋ ಸಾಯುವವನಿಗೂ ಕಚಗುಳಿಯೇ, ಇವಳಿಗೂ ನಗು, ಕಾವಲುಗಾರನಿಗೂ ನಗು, ಆ ಗುಂಗಿನಲ್ಲೇ ಪ್ಯಾಂಟಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಚಿ ಹೊಲಿದುಬಿಟ್ಟಳು, ಅಕ್ಕನ ಮಗನಿಗೆ ಹೊಲಿಯುವ ಹಾಗೆ, ಬೆಳೆಯುವ ಮೈ, ಮುಂದೆ ಬಿಚ್ಚಿ ಉದ್ದ ಮಾಡಬಹುದಲ್ಲ ಎಂದು. ಜೈಲರು ನೋಡಿ, ಏನಮ್ಮಾ ಇದು, ಇವನು ಇನ್ನೆಲ್ಲಿ ಬೆಳೀತಾನೆ, ತಲೆ ನೆಟ್ಟಗಿದೆಯಾ ನಿಮಗೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಸಾರ್ ಅಂದಳು, ಮಡಿಕೆ ಬಿಚ್ಚಲಿಲ್ಲ. ಅಷ್ಟರಲ್ಲಿ ವಕೀಲೆ ತಡೆಯಾಜ್ಞೆ ತಂದಳು, ಹೊಸ ಬಟ್ಟೆ ಸುಮ್ನೆ ಯಾಕೆ ಕೊಳೀಬೇಕು ಎಂದು ಹುಡುಗ ದಿನಾ ಅದನ್ನೇ ತೊಟ್ಟ, ಒಗೆದು ಒಣಗಿಸಿ ನೀಲಿಯೆಲ್ಲ ಮಾಸಿ ಬೂದಿಬಣ್ಣವಾಯಿತು, ಗಿಡ್ಡವೂ ಆಯಿತು, ಬಿಚ್ಚಿಕೊಡಿ ಎಂದರೆ ಇವಳು ಕೊಡಲಿಲ್ಲ, ತೀರ್ಪು ಬರಲಿ ಕಣೋ, ಈಗಲೇ ಬಿಚ್ಚಿದರೆ ದೃಷ್ಟಿ ತಾಗೀತು — ಬೀಗದ ಕೈ ಗೊಂಚಲಿನ ಸದ್ದು, ಜೈಲರು, ಓಡುತ್ತಿದ್ದಾರಲ್ಲ, ಆ ಹೊಟ್ಟೆ ಹೊತ್ತು ಅವರು ಓಡಿದ್ದನ್ನು ಯಾರಾದರೂ ಕಂಡಿದ್ದುಂಟೇ, ಕೆಟ್ಟ ಸುದ್ದಿ ಹೇಳಲು ಯಾರೂ ಓಡುವುದಿಲ್ಲ, ಓಡುತ್ತಾರೆಯೇ, ದೇವರೇ — ಉಳ್ಕೊಂಡ ಕಣಮ್ಮಾ, ನೇಣು ರದ್ದು, ಜೈಲಲ್ಲೇ ಇರ್ತಾನೆ, ಆದ್ರೆ ಇರ್ತಾನೆ! ಹಿಂದೆಯೇ ಅವನು, ಪೂರಾ ಕಣಕಾಲು ತೋರಿಸುತ್ತ, ಈಗಲಾದ್ರೂ ಬಿಚ್ಚಿಕೊಡ್ತೀರಾ ಅಮ್ಮಾ, ಕೊಡದೆ ಏನೋ ಕತ್ತೆ, ಅಲ್ಲಾಡಬೇಡ, ಕಣ್ಣು ಮಂಜಾಗಿದೆ, ಸಂತೋಷಕ್ಕೆ ಕಣೋ, ಮತ್ತೇನಕ್ಕೆ, ಅವನ ಕಾಲ ಬಳಿ ಕೂತು ಕತ್ತರಿ ತುದಿಯಿಂದ ಒಂದೊಂದೇ ಹೊಲಿಗೆ, ಕಚಗುಳಿ ಅಮ್ಮಾ, ಸುಮ್ನಿರೋ, ಮಡಿಕೆ ಕೆಳಗಿಳಿಯುತ್ತದೆ, ಬೂದಿಯ ಕೆಳಗೆ ನಾಲ್ಕು ಬೆರಳು ನೀಲಿ, ಬಿಸಿಲೇ ಕಾಣದ ನೀಲಿ, ಅಂಗಡಿಯಿಂದ ಈಗಷ್ಟೇ ತಂದಂಥ ನೀಲಿ, ನಾಲ್ಕು ಬೆರಳು, ನೀಲಿ