ಒಂಬತ್ತನೆಯವನು

ನಾಲ್ಕನೆಯ ಚೆಂಡೂ ಬ್ಯಾಟಿಗೆ ಎಟುಕದಷ್ಟು ದೂರದಲ್ಲಿ ಹಾದುಹೋಯಿತು. ಎಂಟನೆಯ ಬ್ಯಾಟ್ಸ್‌ಮನ್ ಬ್ಯಾಟು ಕೆಳಗೆ ಹಾಕಿ, ಬೇಸ್‌ಬಾಲ್ ನಿಯಮದಂತೆ ಪುಕ್ಕಟೆ ಸಿಕ್ಕ ಮೊದಲ ಬೇಸಿನತ್ತ ಹಾಯಾಗಿ ನಡೆದ. ಬೇಕೆಂದೇ ಹಾಗೆ ಎಸೆದಿದ್ದ ಎಸೆತಗಾರ ಕುಸಕಾಬೆ ನಿರಾಳವಾಗಿ ಟೋಪಿ ಸರಿಮಾಡಿಕೊಂಡ. ಎರಡನೆಯ ಬೇಸಿನಲ್ಲಿ ಮೊದಲೇ ಒಬ್ಬ ನಿಂತಿದ್ದರೇನಂತೆ, ಇಬ್ಬರು ಔಟಾಗಿದ್ದರು. ಇನ್ನು ಬರುವವನು ಒಂಬತ್ತನೆಯವನು, ಎದುರು ತಂಡದ ಎಸೆತಗಾರ. ಬ್ಯಾಟು ಬೀಸಲು ಬಾರದ ಬಡಪಾಯಿ.

ಕ್ಯಾಚರ್ ಮೊಗಾಮಿ ಮುಖದ ಕವಚ ತಲೆಗೇರಿಸಿಕೊಂಡು ಓಡಿಬಂದ.

"ಅಣ್ಣಾ, ನಡುವಿಗೆ ಹಾಕಿ ಅಂತ ಸನ್ನೆ ಮಾಡಿದ್ರೆ ಅವನಿಗೆ ದಾರಿ ಬಿಟ್ಕೊಟ್ರಲ್ಲಾ! ಮುಂದೆ ಯಾರು ಬರ್ತಾರೆ ಅಂದ್ಕೊಂಡ್ರಿ?"

ಕುಸಕಾಬೆ ತಲೆಯೆತ್ತಿದ. ಕಂಬದಂಥ ತೋಳಿನ ಆಳೊಬ್ಬ ಬ್ಯಾಟು ತಿರುಗಿಸುತ್ತ ಬರುತ್ತಿದ್ದ.

ಟೋಕಿಯೋದಲ್ಲಿ, ಸೆಂಟ್ರಲ್ ಲೀಗ್‌ನಲ್ಲಿ ವರ್ಷಗಟ್ಟಲೆ ಎಸೆದ ಕೈಗೆ ತಾನೀಗ ಪೆಸಿಫಿಕ್ ಲೀಗ್‌ನಲ್ಲಿರುವುದು ಮರೆತುಹೋಗಿತ್ತು. ಅಲ್ಲಿ ಎಸೆತಗಾರನೂ ಬ್ಯಾಟು ಹಿಡಿಯಲೇಬೇಕು. ಇಲ್ಲಿ ಅವನ ಬದಲು ಬಾರಿಸುವುದಕ್ಕೆಂದೇ ಒಬ್ಬನನ್ನು ಸಾಕಿರುತ್ತಾರೆ, ಹಾಗಾಗಿ ಉಸಿರೆಳೆದುಕೊಳ್ಳಲು ಒಬ್ಬನೂ ಬಿಡುವು ಕೊಡುವುದಿಲ್ಲ. ಎರಡೂ ಲೀಗ್‌ಗಳು ಎದುರಾದಾಗ ಹೆಚ್ಚಾಗಿ ಪೆಸಿಫಿಕ್‌ನವರೇ ಗೆಲ್ಲುವುದು ಬರಿಯ ಅದೃಷ್ಟ ಎಂದು ಜಂಬ ಕೊಚ್ಚಿಕೊಂಡಿದ್ದವನು ಈ ಕುಸಕಾಬೆಯೇ.

"ಹಳೇ ಲೀಗ್‌ಗೆ ವಾಪಸ್ ರೈಲು ಎಷ್ಟೊತ್ತಿಗಪ್ಪಾ?" ಎಂದು ಗ್ಯಾಲರಿಯಿಂದ ಯಾರೋ ಕೂಗಿದರು. ಜನ ಗೊಳ್ಳೆಂದು ನಕ್ಕರು.

ಆಳು ಎರಡನೆಯ ಚೆಂಡನ್ನೇ ಗೋಡೆಗೆ ಬಡಿದ. ಬೇಸುಗಳಲ್ಲಿದ್ದ ಇಬ್ಬರೂ ಓಡಿ ಹೋಮ್ ಮುಟ್ಟಿ ಎರಡು ರನ್ ಗಳಿಸಿದರು. ಹೇಗೋ ಮುಂದಿನವನನ್ನು ಔಟ್ ಮಾಡಿ ಕುಸಕಾಬೆ ಒಳಗೆ ಬಂದ. ಇಂದು ಚೆನ್ನಾಗಿ ಎಸೆಯದಿದ್ದರೆ ನಾಳೆಯಿಂದ ಕೆಳದರ್ಜೆಯ ಎರಡನೆಯ ತಂಡ ಎಂದು ಕೋಚ್ ಹತಾನಾಕಾ ಬೆಳಿಗ್ಗೆಯೇ ಹೇಳಿದ್ದರು. ಮೂವತ್ತನಾಲ್ಕರ ವಯಸ್ಸಿನಲ್ಲಿ ಅಲ್ಲಿಗೆ ಹೋದವರು ಹಿಂತಿರುಗುವುದಿಲ್ಲ. ಅವನು ಜಾಕೆಟ್ ತೊಟ್ಟು ಭುಜಕ್ಕೆ ಐಸ್ ಕೇಳಿದ.

"ಐಸ್ ಯಾಕೋ?" ಎಂದರು ಹತಾನಾಕಾ.

"ಎರಡು ರನ್ ಹಿಂದಿದೀವಿ. ನನ್ನ ಬದಲು ಬ್ಯಾಟ್ಸ್‌ಮನ್ ಇಳಿಸ್ತೀರಲ್ಲ ಸಾರ್."

"ಅದು ನಿಮ್ಮ ಹಳೇ ಮನೇಲಿ. ಹಿಂದೆ ಬಿದ್ರೆ ಅಲ್ಲಿ ಎಸೆಯೋನನ್ನ ಕೂರಿಸಿ ಬಾರಿಸೋನನ್ನ ಕಳಿಸ್ತಾರೆ. ಇಲ್ಲಿ ನಿನ್ನ ಬ್ಯಾಟಿಂಗ್ ಸರದೀನೇ ಬರಲ್ಲ, ತಪ್ಪಿಸ್ಕೊಳ್ಳೋಕೆ ನೆಪಾನೂ ಇಲ್ಲ. ನೀನು ಚೆಲ್ಲಿದ್ದನ್ನ ನೀನೇ ಬಳಿ. ಬಿಚ್ಚು ಜಾಕೆಟ್!"

ಕುಸಕಾಬೆಗೆ ಅವಮಾನವಾಯಿತು. ಆದರೆ ಅದರ ಜೊತೆಗೇ ಒಂದು ಹಟವೂ ಹುಟ್ಟಿತು. ಇಷ್ಟು ವರ್ಷ ಕಷ್ಟದ ಹೊತ್ತಿನಲ್ಲೆಲ್ಲ ಯಾರೋ ತನ್ನ ಕೈಹಿಡಿದು ಕೂರಿಸಿದ್ದರು, ಅದನ್ನೇ ಅವನು ತನ್ನ ಜಾಣತನ ಅಂದುಕೊಂಡಿದ್ದ.

ಐದನೆಯ ಇನಿಂಗ್ಸ್ ಸಲೀಸಾಗಿ ಕಳೆಯಿತು. ಆರನೆಯದರಲ್ಲಿ ಮತ್ತದೇ ಪರಿಸ್ಥಿತಿ: ಇಬ್ಬರು ಔಟ್, ಎರಡನೆಯ ಬೇಸಿನಲ್ಲಿ ಒಬ್ಬ, ಎದುರಿಗೆ ಎಂಟನೆಯವನು. ಮೊಗಾಮಿ ಗ್ಲೌಸನ್ನು ನಟ್ಟನಡುವೆ ಹಿಡಿದ. ಕುಸಕಾಬೆ ಈ ಸಲ ಬೇರೆಲ್ಲಿಗೂ ನೋಡಲಿಲ್ಲ. ಅವನನ್ನು ಔಟ್ ಮಾಡಿದ ಮೂರನೆಯ ಸ್ಟ್ರೈಕ್ ಗ್ಲೌಸಿಗೆ ಬಡಿದ ಸದ್ದು ಗ್ಯಾಲರಿಯವರೆಗೂ ಕೇಳಿಸಿತು.

ಬೆಂಚಿನಲ್ಲಿ ಹತಾನಾಕಾ ಬಾರ್ಲಿ ಚಹಾದ ಲೋಟ ಮುಂದೆ ಚಾಚಿದರು. "ಸಾಕಾ? ಇಲ್ಲಿಗೆ ನಿಲ್ಲಿಸಿದ್ರೂ ನಾಳೆ ನಿನಗೆ ಜಾಗ ಇದೆ."

"ಮುಂದಿನ ಇನಿಂಗ್ಸಲ್ಲಿ ಅವರ ಬ್ಯಾಟಿಂಗ್ ಯಾರಿಂದ ಶುರು ಸಾರ್?"

"ಒಂಬತ್ತನೆಯವನಿಂದ."

ಕುಸಕಾಬೆ ಚಹಾ ಮುಟ್ಟಲಿಲ್ಲ. ಸರದಿ ಬದಲಾದಾಗ ಎಲ್ಲರಿಗಿಂತ ಮೊದಲು ಮೈದಾನಕ್ಕಿಳಿದು, ಎಸೆಯಲು ನಿಲ್ಲುವ ಮಣ್ಣಿನ ದಿಬ್ಬವನ್ನು ಕಾಲಿನಿಂದ ಕೆದಕಿ ಹದಮಾಡಿಕೊಂಡು, ಆ ದಪ್ಪ ತೋಳಿನವನು ಬರುವುದನ್ನು ಕಾಯುತ್ತ ನಿಂತ.