ಪಲ್ಸಾರಿನ ಪಕ್ಕದ ಗುರುತು

ಯಾರದೋ ಮೊಬೈಲಿನ ರೇಡಿಯೋ ಅಲೆ ಬೆರೆತು ಹಾಳಾದ ಅಳತೆಯ ಚುಕ್ಕಿಗಳನ್ನು ಅವಳು ಪರದೆಯಿಂದ ಒಂದೊಂದಾಗಿ ಅಳಿಸುತ್ತಿದ್ದಳು. ಉಳಿದವು ಪಲ್ಸಾರಿನವು, ಆಕಾಶದಲ್ಲಿ ಬಿಡದೆ ಮಿಡಿಯುವ ಆ ನಕ್ಷತ್ರದವು.

ಅದು ಎಲ್ಲಿದೆಯೆಂದು ನೇರವಾಗಿ ಹೇಳಲಾಗದು. ಪಕ್ಕದಲ್ಲೊಂದು ದೂರದ ಗೆಲಾಕ್ಸಿಯನ್ನು ಗುರುತಾಗಿಟ್ಟುಕೊಂಡು, ರೇಡಿಯೋ ದೂರದರ್ಶಕಗಳನ್ನು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ತಿರುಗಿಸುತ್ತ ಅಂತರ ಅಳೆಯಬೇಕು. ಗುರುತು ಮಾತ್ರ ಕದಲಬಾರದು. ಈ ಗುರುತನ್ನು ಆರಿಸಿದವರು ಮೇಷ್ಟ್ರು. ಒಂದು ಕಾಲಕ್ಕೆ ಅವಳಿಗೆ ಪಾಠ ಹೇಳಿದವರು, ಈಗ ವಿಭಾಗದ ಮುಖ್ಯಸ್ಥರು. ಅದನ್ನೇ ನಂಬಿ ಅವರು ಎಷ್ಟೋ ಪಲ್ಸಾರುಗಳ ಜಾಗವನ್ನು ಅಚ್ಚು ಹಾಕಿಸಿದ್ದರು.

ಅವಳು ಸುಮ್ಮನಿರಲಾರದೆ ಬೇರೊಂದು ಗುರುತಿನಿಂದ ಅಳೆದಳು. ಉತ್ತರ ಬೇರೆಯೇ ಬಂತು. ಮೂರನೆಯ ಗುರುತೂ ಎರಡನೆಯದರ ಪರವೇ ನಿಂತಿತು. ಮೇಷ್ಟ್ರ ಗೆಲಾಕ್ಸಿ ಒಡಲಿನಿಂದ ಉರಿಯ ನಾಲಿಗೆಯೊಂದನ್ನು ಚಾಚಿ, ಹೊಳಪಿನ ನಡುಬಿಂದುವನ್ನೇ ಸರಿಸಿಕೊಂಡಿತ್ತು.

"ಏನಮ್ಮಾ, ಇನ್ನೂ ಮೊಸರಲ್ಲಿ ಕಲ್ಲು ಹುಡುಕ್ತಿದ್ದೀಯಾ?" ಮೇಷ್ಟ್ರು ಬಾಗಿಲಲ್ಲೇ ನಿಂತು ಕೇಳಿದರು.

"ಕಲ್ಲು ಸಿಕ್ಕಿದೆ ಸರ್. ನಿಮ್ಮ ಗುರುತೇ ಸರಿದಿದೆ."

ಅವರು ನಕ್ಕರು. "ಇಷ್ಟು ಹೆಚ್ಚುಕಡಿಮೆ ಇರಬಹುದು ಅಂತ ಬರೀತೀಯಲ್ಲ, ಆ ತಪ್ಪಿನ ಅಂದಾಜು ಸ್ವಲ್ಪ ಅಗಲ ಮಾಡು. ನಿನ್ನ ಉತ್ತರಾನೂ ನನ್ನದೂ ಅದರೊಳಗೆ ಆರಾಮಾಗಿ ಕೂರುತ್ತೆ. ಪ್ರಬಂಧದಲ್ಲಿ ನಿನ್ನ ಹೆಸರೇ ಮೊದಲು, ಆಯ್ತಾ?"

ಅವರು ಹೋದ ಮೇಲೆ ಅಕ್ಕನ ಫೋನು ಬಂತು. ವಿಷಯ ಕೇಳಿ ಅಕ್ಕ ರೇಗಿದಳು. "ಅವರು ಹೇಳಿದ ಹಾಗೆ ಮಾಡೇ ಮಾರಾಯ್ತಿ! ನಿನ್ನ ಕೆಲಸ ಖಾಯಂ ಮಾಡೋರು ಅವರೇ ತಾನೇ? ಚೂರು ಆಚೀಚೆ ಆದ್ರೆ ಆ ನಕ್ಷತ್ರ ಬಂದು ನಿನ್ನ ಜುಟ್ಟು ಹಿಡಿಯುತ್ತಾ?"

ಅವಳಿಗೆ ನಗು ಬಂತು, ಹಿಂದೆಯೇ ಸಿಟ್ಟೂ. ಗಂಡನಿಗೆ ವರ್ಗವಾದಾಗ, ಅತ್ತೆಗೆ ಅವಳ ಓದುವ ಕೋಣೆ ಬೇಕಾದಾಗ, ಎಲ್ಲರೂ ಕೂರಲಿ ಎಂದು ತಾನೇ ಸರಿದು ಜಾಗ ಬಿಟ್ಟವಳು ಅವಳು. ಅದೆಲ್ಲ ಅವಳ ಜಾಗ. ಬಿಟ್ಟುಕೊಡುವ ಹಕ್ಕು ಅವಳಿಗಿತ್ತು. ಪಲ್ಸಾರಿನ ಜಾಗವನ್ನು ಮೇಷ್ಟ್ರ ಮುಲಾಜಿಗೆ ಬಿಟ್ಟುಕೊಡಲು ಅವಳು ಯಾರು?

"ಕೇಳಿಸ್ತೇನೇ?"

"ಕೇಳಿಸ್ತಕ್ಕ. ಇಡ್ಲಾ?"

ಅಕ್ಕ ಅದನ್ನು ಒಪ್ಪಿಗೆಯೆಂದೇ ತಿಳಿದಳು. ಅವಳೂ ತಿದ್ದಲು ಹೋಗಲಿಲ್ಲ. ಕುರ್ಚಿ ಮುಂದಕ್ಕೆಳೆದುಕೊಂಡು ತಪ್ಪಿನ ಅಂದಾಜನ್ನು ಇದ್ದಷ್ಟೇ ಇಟ್ಟಳು. ಅದರ ಕೆಳಗೆ, ಹಳೆಯ ಗುರುತು ಸರಿದಿದೆ, ಅದರಿಂದ ಅಳೆದದ್ದನ್ನೆಲ್ಲ ಮತ್ತೆ ಅಳೆಯಬೇಕು ಎಂದು ಬರೆದಳು. ಮೇಷ್ಟ್ರು ಸಹಿ ಹಾಕದಿದ್ದರೆ ಪ್ರಬಂಧ ತನ್ನೊಬ್ಬಳ ಹೆಸರಲ್ಲೇ ಹೋಗಲಿ ಎಂದುಕೊಂಡಳು. ಕೆಲಸ ಹೋದರೆ ಹೋಗಲಿ.